ಅಣ್ಣನ ಕಾರಿನ ನಾಲ್ಕನೆಯ ವೀಲ್‌ಕಪ್ಪು

೧೯೭೯ರ ಮಾರ್ಗಶಿರದ ಒಂದು ಬೆಳಿಗ್ಗೆ ನಾನು ಕಣ್ಣಾರೆ ಕಂಡದ್ದಿದು. ಮುಳಬಾಗಿಲ ದಾರಿಯ ಅಪಘಾತದಲ್ಲಿ ಅಣ್ಣ ತೀರಿಕೊಂಡು ವರ್ಷ ತುಂಬುವುದರಲ್ಲಿತ್ತು. ಸತ್ತವನನ್ನು ಪಿತೃಗಳೊಡನೆ ಸೇರಿಸುವ ಸಪಿಂಡೀಕರಣವನ್ನು ನಾನೇ ಲೋಪವಿಲ್ಲದೆ ನೆರವೇರಿಸಿದ್ದೆ. ಶ್ರಾದ್ಧದೊಳಗೆ ಅವನ ಹಳೆಯ ಮಾರಿಸ್ ಕಾರು ಮುನ್ನಿನಂತಾಗಬೇಕೆಂಬುದೊಂದೇ ಅತ್ತಿಗೆ ಅನಸೂಯಮ್ಮನವರ ಆಸೆ.

ಕೋಲಾರದ ಮೆಕ್ಯಾನಿಕ್ ಕದಿರೇಶ, ವರ್ಷದಿಂದ ಕಲ್ಲುಗಳ ಮೇಲೆ ನಿಂತಿದ್ದ ಕಾರಿಗೆ ಬೇರೆ ಉಕ್ಕಿನ ಚಕ್ರಗಳನ್ನು ತೊಡಿಸಿ, ಚಕ್ರದ ನಡುವೆ ಕೂರುವ ಲೋಹದ ಮುಚ್ಚಳ, ಹಳೆಯ ವೀಲ್‌ಕಪ್ಪುಗಳನ್ನು ಒಂದು ಮೂಟೆ ಸುರಿದ. ಮೂರು ಹೊಂದಿದವು. ನಾಲ್ಕನೆಯ ಚಕ್ರಕ್ಕೆ ಒಂದೊಂದಾಗಿ ಒತ್ತಿನೋಡಿದರೂ ಒಗ್ಗಲಿಲ್ಲ; ಒಂದೇ ಉಳಿಯಿತು.

“ನೀವೇ ಒಂದು ಮಂತ್ರ ಹಾಕಿ ಸಾಮಿ, ಕೂತ್ರೂ ಕೂತೀತು,” ಎಂದು ನಗುತ್ತ ಕಡೆಯದನ್ನು ಒತ್ತಿದ. ಸುತ್ತಿಗೆಯ ಪೆಟ್ಟಿಲ್ಲದೆ ಅದು ಕೂತಿತು. ಅವನು ಕೈ ಹಿಂದೆಗೆದ.

“ಅಯ್ಯೋ ದೇವುಡಾ! ಕಾದೈತೆ. ದೂರ ಓಡಿಬಂದ ಚಕ್ರ ಹಿಂಗಿರ್ತದೆ.”

ನಾನೂ ಮುಟ್ಟಿದೆ. ಉಳಿದ ಮೂರು ಬಾವಿನೀರಿನಂತೆ ತಣ್ಣಗಿದ್ದವು.

ಅತ್ತಿಗೆ ನೆಲಕ್ಕೆ ಕುಳಿತು ಅದರ ಮೇಲೆ ಅಂಗೈಯಿಟ್ಟರು.

“ಇಷ್ಟು ದೂರ ಬಂದೋರು ಒಳಗ್ಯಾಕೆ ಬರಲಿಲ್ಲ? ಓದಿದೋರು, ನೀವೇ ಹೇಳಿ.”

ಅತ್ತಿಗೆ ಕೈ ತೆಗೆಯಲಿಲ್ಲ. ದೀಪ ಹಚ್ಚುವ ಹೊತ್ತಾದರೂ ಆ ಲೋಹ ಆರಿರಲಿಲ್ಲ.