ಮಾತ್ರೆ ಮೇಷ್ಟ್ರು ಮಾತಾಡಿಸಲಿಲ್ಲ

ಬಸ್ ಸ್ಟಾಪಿನಲ್ಲಿ ಅವರು ನನ್ನನ್ನು ನೋಡಿದರು. ನೋಡಿ, ಮುಖ ಆ ಕಡೆ ತಿರುಗಿಸಿಕೊಂಡರು. ಇಪ್ಪತ್ತು ವರ್ಷ ಆಯಿತು, ಆವತ್ತು ಮೈಯೆಲ್ಲ ಉರಿದುಹೋದದ್ದು ಈಗಲೂ ನೆನಪಿದೆ.

ಅದರ ಹಿಂದಿನ ದಿನವಷ್ಟೇ ನಾನು ಕ್ಷಯದ ಕೊನೆಯ ಮಾತ್ರೆ ನುಂಗಿದ್ದಕ್ಕೆ ಚಪ್ಪಾಳೆ ತಟ್ಟಿದ್ದ ಮನುಷ್ಯ ಇವರೇ. ಸೈಕಲ್ ಶಾಪಿನ ಮೇಲಿನ ಕೋಣೆಯಲ್ಲಿ ನಮ್ಮ ಸಂಘ. ಎಚ್‌ಐವಿ ಇದ್ದವರೇ ಸೇರಿ ಎಚ್‌ಐವಿ ಇದ್ದವರಿಗಾಗಿ ನಡೆಸುತ್ತಿದ್ದದ್ದು. ಅವರಿಗೂ ಇತ್ತು, ನನಗೂ ಇತ್ತು. ತೀರಿಕೊಂಡ ಗಂಡ ಬಿಟ್ಟುಹೋದ ಆಸ್ತಿ ಎಂದು ನಾನು ನಗುತ್ತಿದ್ದೆ, ಅವರು ನಗುತ್ತಿರಲಿಲ್ಲ. ಸಂಘದಲ್ಲಿ ಕೂತು ಔಷಧಿ ಹಂಚುವ ಅವರನ್ನು ಊರೆಲ್ಲ ಮಾತ್ರೆ ಮೇಷ್ಟ್ರು ಎಂದೇ ಕರೆಯುತ್ತಿತ್ತು.

ಆರು ತಿಂಗಳು ದಿನಾ ಬೆಳಿಗ್ಗೆ ಅವರೆದುರು ಮಾತ್ರೆ ನುಂಗಿದ್ದೆ.

"ಬಾಯಿ ತೆರೀರಿ, ನುಂಗಿದ್ರಾ ನೋಡೋಣ."

"ನಾನು ಬಾಯಿ ತೆರೆದ್ರೆ ಮುಚ್ಚೋದು ಕಷ್ಟ. ಆಮೇಲೆ ನೀವೇ ಪೇಚಾಡ್ತೀರಿ."

"ಆರು ತಿಂಗಳು ತಾನೇ, ತಡ್ಕೋತೀನಿ."

ಹಾಗೆನ್ನುತ್ತ ಕಾರ್ಡಿನ ಮೇಲೆ ಬಗ್ಗಿ ಟಿಕ್ ಹಾಕುತ್ತಿದ್ದರು. ನಗು ಕಾಣಬಾರದೆಂದು ಬಗ್ಗುವುದು, ಆದರೆ ಕಿವಿ ಕೆಂಪಾಗುವುದು ಕಾಣುತ್ತಿತ್ತಲ್ಲ. ಮೆಟ್ಟಿಲ ಕೆಳಗೆ ನಿಂತು ತಲೆ ಬಾಚಿಕೊಂಡು ಹತ್ತುತ್ತಿದ್ದೆ ನಾನು. ಮುಚ್ಚುಮರೆ ಏಕೆ, ಅವರೆಂದರೆ ನನಗೆ ಪ್ರಾಣವಾಗಿತ್ತು.

ಅಂಥವರು ಮೊದಲ ಸಲ ಬೀದಿಯಲ್ಲಿ ಕಂಡರೆ ಗುರುತೇ ಇಲ್ಲ! ಓಹೋ, ಸಂಘದೊಳಗೆ ಸರಸ, ಹೊರಗೆ ನಾಚಿಕೆ ಎಂದುಕೊಂಡೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಎಚ್‌ಐವಿಯ ತಿಂಗಳ ಮಾತ್ರೆ ತರಲೂ ಹೋಗಲಿಲ್ಲ.

ವಾರದ ಮೇಲೆ ಸಂಘದ ಅಕ್ಕ ಮನೆಗೆ ಬಂದರು. ನಾನಿದ್ದದ್ದು ಅಣ್ಣನ ಮನೆಯಲ್ಲಿ, ಬಟ್ಟೆ ಹೊಲಿದುಕೊಂಡು. ನನ್ನ ಕಾಯಿಲೆ ಅಣ್ಣನಿಗೊಬ್ಬನಿಗೇ ಗೊತ್ತು, ಅತ್ತಿಗೆಗೆ ಗೊತ್ತಿಲ್ಲ. ಹಾಗಾಗಿ ಅಕ್ಕ ಹೊಲಿಸುವ ನೆಪದಲ್ಲಿ ತಂದ ಬಟ್ಟೆಯ ಮಡಿಕೆಯೊಳಗೆ ಮಾತ್ರೆ ಇಟ್ಟಿದ್ದರು.

"ಕೋಪ ಯಾರ ಮೇಲೋ, ಶಿಕ್ಷೆ ನಿನ್ನ ಮೈಗಾ?" ಎಂದು ಮೆಲ್ಲಗೆ ಗದರಿದರು.

ಬಸ್ ಸ್ಟಾಪಿನ ಕಥೆ ಹೇಳಿದೆ. ಅಕ್ಕ ಹಣೆ ಚಚ್ಚಿಕೊಂಡರು.

"ಅಯ್ಯೋ ಪೆದ್ದೀ. ಹೊರಗೆ ಕಂಡವರನ್ನ ನಾವಾಗಿ ಮಾತಾಡಿಸಬಾರದು ಅನ್ನೋದು ಸಂಘದ ನಿಯಮ. ಅವನ ಕಾಯಿಲೆ ಊರಿಗೇ ಗೊತ್ತು, ಅವನು ಯಾರ ಹತ್ರ ನಿಂತ್ರೂ ಜನ ಅವರಿಗೂ ಆ ಕಾಯಿಲೆ ಅಂತಾರೆ. ಅವನು ನಿನ್ನ ಮಾನ ಕಾದ ಕಣೇ. ನೀನಾಗಿ ಕರೆದ್ರೆ ಬೇರೆ ಮಾತು. ಆದ್ರೆ ಯೋಚನೆ ಮಾಡು, ಒಂದು ಸಲ ಕರೆದ್ರೆ ಊರಿಗೆ ಹೇಳಿದ ಹಾಗೆ."

ಆ ಇಡೀ ದಿನ ಹೊಲಿಗೆ ನೆಟ್ಟಗೆ ಬೀಳಲಿಲ್ಲ. ಕರೆದರೆ ಗಿರಾಕಿಗಳು ಹೋದಾರು, ಅತ್ತಿಗೆ ಮನೆ ಬಿಡಿಸಿಯಾಳು. ಕರೆಯದಿದ್ದರೆ ಅವರು ಜೀವಮಾನವಿಡೀ ಮುಖ ತಿರುಗಿಸಿಕೊಂಡೇ ಹೋಗುತ್ತಾರೆ.

ಮರುದಿನ ಅದೇ ಸ್ಟಾಪಿನಲ್ಲಿ ಅತ್ತಿಗೆಯ ಜೊತೆ ಬೆಂಚಿನ ಮೇಲೆ ಕೂತಿದ್ದೆ. ಮೇಷ್ಟ್ರು ಬಂದರು, ನನ್ನನ್ನು ಕಂಡರು, ಬಾರದ ಬಸ್ಸಿನ ದಾರಿ ನೋಡುತ್ತ ನಿಂತರು.

"ಮೇಷ್ಟ್ರೇ," ಎಂದೆ. ಇಡೀ ಸ್ಟಾಪು ತಿರುಗಿತು, ಅವರೊಬ್ಬರನ್ನು ಬಿಟ್ಟು.

"ಯೋಚನೆ ಮಾಡಿ ಕರೀತಿದ್ದೀರಾ?" ಎಂದರು, ದಾರಿಯ ಕಡೆಗೇ ನೋಡುತ್ತ.

"ರಾತ್ರಿ ನಿದ್ದೆ ಬಿಟ್ಟು ಯೋಚನೆ ಮಾಡಿದ್ದೀನಿ."

"ಇವರು ನಿಂಗೆ ಹೇಗೆ ಗೊತ್ತು?" ಅತ್ತಿಗೆಯ ದನಿ ಇಳಿದಿತ್ತು.

"ನನ್ನ ಮಾತ್ರೆನೂ ಇವರೇ ಕೊಡೋದು, ಅತ್ತಿಗೆ."

ಅತ್ತಿಗೆ ಸೆರಗು ಎಳೆದುಕೊಂಡು ಎದ್ದು, ಸ್ಟಾಪಿನ ಆ ತುದಿಗೆ ಹೋಗಿ ನಿಂತಳು. ಅವಳು ಮತ್ತೆ ನನ್ನ ಪಕ್ಕ ಕೂರಲು ಎರಡು ವರ್ಷ ಬೇಕಾಯಿತು. ನನಗೆ ಅಳು ಬಂತು, ತಡೆದುಕೊಂಡೆ.

ಖಾಲಿಯಾದ ಜಾಗದಲ್ಲಿ ಅವರು ಬಂದು ಕೂತರು. ಕಿವಿ ಕೆಂಪಾಗಿತ್ತು.

"ಇಷ್ಟು ವರ್ಷ ಎಷ್ಟೋ ಜನರನ್ನ ಕಂಡೂ ಕಾಣದ ಹಾಗೆ ಹೋಗಿದ್ದೀನಿ," ಎಂದರು, ನೆಲ ನೋಡುತ್ತ. "ನಿಮ್ಮನ್ನ ಇನ್ನು ಹಾಗೆ ದಾಟಿ ಹೋಗೋಕೆ ನನ್ನಿಂದ ಆಗಲ್ಲ. ನೀವಂದ್ರೆ ನಂಗೆ ಅಷ್ಟು ಇಷ್ಟ."

"ನನ್ನ ಕಡೆ ನೋಡಿ ಹೇಳಿ," ಎಂದೆ.

ನೋಡಿದರು.