ಅಂಚಿನಲ್ಲಿ ಕತ್ತರಿಸಿದ ಕೈ

ಧಡ್ ಎಂದು ಮೇಜಿನ ಮೇಲೆ ಬಿದ್ದ ಪತ್ರಿಕೆಗೆ ರಕ್ತ ಮೆತ್ತಿತ್ತು!

ಅವಳು ಬೆಚ್ಚಿ ತಲೆಯೆತ್ತಿದಳು. ಎದುರಿಗೆ ನಿಂತವನ ಹಣೆ ಒಡೆದಿತ್ತು. ಕೊರಳಲ್ಲಿ ಗಾಜು ಪುಡಿಯಾದ ಕ್ಯಾಮೆರಾ.

"ಈ ಫೋಟೋ ತಿದ್ದಿದ್ದು ನೀವೇನಾ?"

ಆ ದನಿ! ಪತ್ರಿಕೆಯ ಚಿತ್ರ ವಿಭಾಗದಲ್ಲಿ ಕುಳಿತು ಮೂರು ವರ್ಷದಿಂದ ಅವಳು ಫೋನಿನಲ್ಲಿ ಕೇಳುತ್ತಿದ್ದ ದನಿ. ಊರೆಲ್ಲ ಸುತ್ತಿ ಆ ಛಾಯಾಗ್ರಾಹಕ ಕಳಿಸುವ ಫೋಟೋಗಳ ಬಣ್ಣ, ಬೆಳಕು ಸರಿಪಡಿಸುವುದು ಅವಳ ಕೆಲಸ. ಅವನ ಮುಖ ನೋಡುವ ದಿನ ಹೀಗೆ ಬರುತ್ತದೆಂದು ಕನಸಲ್ಲೂ ಎಣಿಸಿರಲಿಲ್ಲ...

"ಹೌದು. ಬಣ್ಣ ಮುಟ್ಟಿಲ್ಲ, ಏನೂ ಸೇರಿಸಿಲ್ಲ. ಎಡಗಡೆ ಅಂಚು ಕತ್ತರಿಸಿದೆ... ಅಷ್ಟೇ."

"ಅಷ್ಟೇನಾ? ಆ ಅಂಚಲ್ಲೇ ಕಬ್ಬಿಣದ ಸರಳು ಹಿಡಿದ ಕೈ ಇತ್ತು ಕಣ್ರೀ! ನಿನ್ನೆ ಕಾರ್ಖಾನೆ ಗಲಾಟೆಲಿ ಕಾವಲುಗಾರ ಕೋಲೆತ್ತಿದ್ದು ಆ ಏಟು ತಡೆಯೋಕೆ. ಈಗ ನೋಡಿದವರಿಗೆ, ಕಾಲ ಬಳಿ ಎಡವಿ ಬಿದ್ದ ಕಾರ್ಮಿಕನನ್ನ ಅವನು ಬಡೀತಿರೋ ಹಾಗೆ ಕಾಣುತ್ತೆ! ಇವತ್ತು ಬೆಳಿಗ್ಗೆ ಜನ ಮನೆಗೆ ನುಗ್ಗಿ, ಹೆಂಡತಿ ಕಣ್ಣೆದುರೇ ಅವನ ಎರಡೂ ಕೈ ಮುರಿದ್ರು. ತಡೆಯೋಕೆ ಹೋದ ನನಗೆ ಇದು!" ಅವನು ಹಣೆ ತೋರಿಸಿದ.

ಅವಳು ಪತ್ರಿಕೆಯನ್ನು ಹತ್ತಿರ ಎಳೆದುಕೊಂಡಳು.

"ದಿನಾ ಬೆಳಕು ಹೆಚ್ಚಿಸ್ತೀವಿ, ಅಂಚು ಕತ್ತರಿಸ್ತೀವಿ... ಆಗೆಲ್ಲ ನೀವು ಏನೂ ಅಂದಿಲ್ವಲ್ಲ?"

"ಕಾಣದ್ದು ಕಾಣೋ ಹಾಗೆ ಮಾಡಿದ್ರೆ ತಿದ್ದುಪಡಿ. ಕಂಡಿದ್ದನ್ನ ಮುಚ್ಚಿದ್ರೆ ಮೋಸ! ನಾಲ್ಕು ಪ್ರತಿ ಜಾಸ್ತಿ ಮಾರೋಕೆ ಒಬ್ಬನ ಬದುಕನ್ನೇ ಬಲಿ ಕೊಟ್ರಲ್ಲ... ಥೂ!"

ಅವನು ಹೊರಟೇಹೋದ.

'ಮಾರೋಕಲ್ಲ...' ಎಂದಳು ಅವಳು, ಖಾಲಿ ಬಾಗಿಲಿಗೆ. ಮಣಿಕಟ್ಟಿನಲ್ಲಿ ಸುಟ್ಟ ಕಲೆಯಿದ್ದ, ಸರಳು ಹಿಡಿದ ಆ ಕೈ ಅವಳ ತಮ್ಮನದು!

ಸಂಜೆ ಮನೆಯಲ್ಲಿ ಅವಳು ಲ್ಯಾಪ್‌ಟಾಪಿನಲ್ಲಿ ಪೂರ್ತಿ ಚಿತ್ರ ತೆರೆದು ತಮ್ಮನ ಮುಂದಿಟ್ಟಳು.

"ನಾಳೆ ಇದು ಅಚ್ಚಾಗುತ್ತೆ. ಅಷ್ಟರಲ್ಲಿ ನೀನೇ ಹೋಗಿ ಪೊಲೀಸರಿಗೆ ಹೇಳು."

"ತಲೆ ಕೆಟ್ಟಿದ್ಯಾ? ಒಡಹುಟ್ಟಿದವನನ್ನೇ ಹಿಡಿದುಕೊಡ್ತೀಯಾ?"

"ನಿನ್ನ ಉಳಿಸೋಕೆ ಹೋಗಿ ಇನ್ನೊಬ್ಬನ ಕೈ ಮುರಿಸಿದೀನಿ ಕಣೋ!"

ಅವನು ಲ್ಯಾಪ್‌ಟಾಪನ್ನು ಗೋಡೆಗೆ ಅಪ್ಪಳಿಸಿದ. ಅಡ್ಡ ಬಂದ ಅಕ್ಕನ ಕೊರಳು ಹಿಸುಕಿದ. ಅವಳಿಗೆ ಕಣ್ಣು ಕತ್ತಲಿಟ್ಟಿತು... ಆಗ ಅವನ ಹಿಡಿತ ಸಡಿಲಾಯಿತು. ತನ್ನ ಕೈಗಳನ್ನೇ ನೋಡಿಕೊಳ್ಳುತ್ತಾ ಕುಸಿದು ಕೂತು ಬಿಕ್ಕಿದ.

"ಮೂಲ ಫೋಟೋ ಆಫೀಸಲ್ಲಿದೆ," ಎಂದಳು ಅವಳು, ಕೆಮ್ಮುತ್ತಾ.

ಮರುದಿನ ಮುಖಪುಟದಲ್ಲಿ ಪೂರ್ತಿ ಚಿತ್ರ. ಕೆಳಗೆ ಅವಳ ಮಾತು: 'ಸರಳು ಹಿಡಿದವನು ನನ್ನ ತಮ್ಮ. ಅಂಚು ಕತ್ತರಿಸಿದವಳು ನಾನು.' ಸಂಪಾದಕರು ಅದನ್ನು ಅಚ್ಚುಹಾಕಿಸಿ, ಅವಳನ್ನು ಕೆಲಸದಿಂದ ತೆಗೆದರು. ತಮ್ಮ ತಾನಾಗಿಯೇ ಠಾಣೆಗೆ ಹೋದ.

ಚೀಲ ಹಿಡಿದು ಕಚೇರಿಯ ಮೆಟ್ಟಿಲಿಳಿದಾಗ ತಮ್ಮನ ಗೆಳೆಯರು ಕಾದಿದ್ದರು.

"ಮನೆಮುರುಕಿ!"

ಇಟ್ಟಿಗೆಯೊಂದು ಭುಜಕ್ಕೆ ಬಡಿಯಿತು. ಎರಡನೆಯದು ಬರುವಷ್ಟರಲ್ಲಿ ಯಾರೋ ಓಡಿಬಂದು ಅವಳನ್ನು ಬಾಚಿ ತಬ್ಬಿದರು. ಏಟು ಅವನ ಬೆನ್ನಿಗೆ ಬಿತ್ತು. ಹಣೆಗೆ ಪಟ್ಟಿ... ಅವನೇ!

ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಪಕ್ಕಪಕ್ಕ ಕೂತಿದ್ದರು.

"ಅವನು ನಿಮ್ಮ ತಮ್ಮ ಅಂತ ನಿನ್ನೆಯೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕ್ಷಮಿಸ್ತಿದ್ರಾ?"

"ಇಲ್ಲ. ಈಗಲೂ ಪೂರ್ತಿ ಆಗ್ತಿಲ್ಲ... ಆದ್ರೆ ಥೂ ಅಂತ ಉಗಿದು ಹೋಗ್ತಿರಲಿಲ್ಲ."

"ಮತ್ತೆ ಅಡ್ಡ ಬಂದಿದ್ದು ಯಾಕೆ?"

ಅವನು ನೆಲ ನೋಡಿದ. "ಮೂರು ವರ್ಷದಿಂದ ಬೇಕಂತಲೇ ಫೈಲಿಗೆ ತಪ್ಪು ಹೆಸರು ಇಡ್ತಿದ್ದೆ... ನೀವು ಫೋನ್ ಮಾಡಿ ಬೈಲಿ ಅಂತ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ನಕ್ಕಾಗ ಭುಜ ಚುಳುಕ್ಕೆಂದಿತು!

"ಆ ಕಾವಲುಗಾರರು ಮೇಲಿನ ವಾರ್ಡಲ್ಲೇ ಇದ್ದಾರೆ. ಬೆಳಿಗ್ಗೆ ಕ್ಷಮೆ ಕೇಳೋಕೆ ಹೋಗಿದ್ದೆ. ಅವರ ಹೆಂಡತಿ ಮುಖಕ್ಕೇ ಬಾಗಿಲು ಹಾಕಿದ್ರು."

"ನಾಳೆ ಮತ್ತೆ ಹೋಗೋಣ."

"ನಾಳೇನೂ ಹಾಕಿದ್ರೆ?"

ಅವನು ಅವಳ ಕೈ ಹಿಡಿದ. "ನಾಡಿದ್ದೂ ಹೋಗೋಣ ಬಾ... ಇಬ್ಬರೂ."

ಅವಳು ಕಣ್ಣರಳಿಸಿದಳು. "ಈಗ 'ಬಾ' ಅಂದ್ರಾ?"

"ಹ್ಞೂಂ... ಅಂದೆ."