ಗುಡ್ಡದ ಎದೆಬಡಿತ

ಸೂರ್ಯನಲ್ಲಿ ಎದ್ದ ಬಿರುಗಾಳಿ ಭೂಮಿಗೆ ತಾಗಿತೆಂಬ ಸುದ್ದಿ ಬಂದ ಕೂಡಲೇ ಸಂಘಮಿತ್ರಾ ಜಗಳೂರಿನ ಬಸ್ಸು ಹತ್ತಿದಳು. ದೂರದ ದಕ್ಷಿಣ ಸಮುದ್ರದ ಮೇಲೆ ಹೊಡೆದ ಮಿಂಚಿನ ರೇಡಿಯೋ ಅಲೆ ಭೂಮಿಯ ಕಾಂತದ ಗೆರೆ ಹಿಡಿದು ಆಕಾಶದಾಚೆಗೆ ಏರುತ್ತದೆ. ನಮ್ಮ ಕಡೆ ಇಳಿಯುವಾಗ ಯಂತ್ರಕ್ಕೆ ಸಿಳ್ಳೆಯಾಗಿ ಕೇಳುತ್ತದೆ. ಈ ಸೀಮೆಯಲ್ಲಿ ಅದು ಬಲು ಅಪರೂಪ; ಸಿಕ್ಕರೆ ಇಂಥ ಬಿರುಗಾಳಿಯ ಬೆನ್ನಿಗೇ ಸಿಗಬೇಕು. ವರ್ಷಗಟ್ಟಲೆ ಕಾದರೂ ಅವಳಿಗೆ ಒಂದೂ ಸಿಕ್ಕಿರಲಿಲ್ಲ. ಈ ಸಲವೂ ತಪ್ಪಿದರೆ ಅವಳ ಸಂಶೋಧನೆ ಅಲ್ಲಿಗೇ ಮುಗಿದಂತೆ.

ಕರೆಂಟಿನ ತಂತಿಯ ಗುಂಯ್ ಎನ್ನುವ ಸದ್ದು ಮುಟ್ಟದ ಜಾಗವೆಂದರೆ ರಂಗಯ್ಯನದುರ್ಗದ ಕಾಡಂಚಿನ ಗುಡ್ಡ. ಬೆಳಕು ಹರಿಯುವ ಮುನ್ನವೇ ಸೋದರಮಾವ ತಿಪ್ಪೇಶಪ್ಪನೊಂದಿಗೆ ಹತ್ತತೊಡಗಿದಳು. ಜಾಲಿ, ಕಾರೆಮುಳ್ಳು, ಇಬ್ಬನಿ ಕುಡಿದ ಬಂಡೆಗಳು. ಒಂದು ಹಕ್ಕಿಯೂ ಉಲಿಯಲಿಲ್ಲ. ಸಿಳ್ಳೆ ಹಿಡಿಯಲೆಂದು ತಾಮ್ರದ ತಂತಿ ಸುತ್ತಿದ ಮರದ ಚೌಕಟ್ಟು ಮಾವನ ಹೆಗಲ ಮೇಲಿತ್ತು.

"ಮದುವೆ ಮಾಡ್ಕೊಂಡು ಮಂಚ ಹಾಕ್ಕೊಳೋದು ಬಿಟ್ಟು, ಮಂಚದ ಚೌಕಟ್ಟಿನಂಥದ್ನ ಮಾವನ ಕೈಲಿ ಗುಡ್ಡಕ್ಕೆ ಹೊರಿಸ್ತೀಯಲ್ಲವ್ವಾ!"

"ಸುಮ್ನೆ ನಡಿ ಮಾವ. ಬೀಳಿಸಿದ್ರೆ ಅತ್ತೆಗೆ ಹೇಳ್ತೀನಿ."

ನೆತ್ತಿಯಲ್ಲಿ ಚೌಕಟ್ಟು ನಿಲ್ಲಿಸಿ ಹೆಡ್‌ಫೋನ್ ಹಾಕಿಕೊಂಡಳು. ಹುರಿಗಡಲೆ ಸಿಡಿದಂಥ ಚಟಪಟ, ದೂರದ ಮಿಂಚುಗಳದು. ಅದರಡಿಯಲ್ಲಿ ಇನ್ನೊಂದು ಸದ್ದು.

ಟಕ್. ಟಕ್. ಟಕ್.

ಅವಳು ಹೆಡ್‌ಫೋನ್ ತೆಗೆದಳು. ತಿಪ್ಪೇಶಪ್ಪನಿಗೆ ಕೇಳಿಸಿದಳು. ಅವನು ಕೈಮುಗಿದ. "ಗುಡ್ಡಕ್ಕೆ ಜೀವ ಐತವ್ವಾ. ಎದೆ ಬಡೀತೈತೆ."

ಅವಳು ಚೌಕಟ್ಟನ್ನು ಮೆಲ್ಲಗೆ ತಿರುಗಿಸಿದಳು. ಕೆಳಗಿನ ಮಾವನ ಹೊಲದ ಕಡೆಗೆ ಸದ್ದು ಜೋರಾಯಿತು.

"ಮಾವ, ಎಲ್ಲಾ ಆಫ್ ಮಾಡಿದ್ದೆ ಅಂದ್ಯಲ್ಲ?"

"ಮೋಟ್ರು, ಬಲ್ಬು, ಎಲ್ಲಾ. ಕರೆಂಟ್ ಅನ್ನೋದೇ ಇಲ್ಲ."

"ಹಂದಿ ಬೇಲಿ?"

"ಅದು ಕರೆಂಟ್ ಅಲ್ವಲ್ಲ, ಸೋಲಾರು!"

ಸಂಘಮಿತ್ರಾ ತಲೆ ಹಿಡಿದುಕೊಂಡಳು. ಕ್ಷಣಕ್ಕೊಮ್ಮೆ ತಂತಿಗೆ ಶಾಕ್ ಬಿಡುವ ಬೇಲಿಯದೇ ಆ ಟಕ್ ಟಕ್. ಆರಿಸಲು ಅತ್ತೆಗೆ ಹೇಳೋಣವೆಂದರೆ ಫೋನಿಗೆ ಸಿಗ್ನಲ್ ಇರಲಿಲ್ಲ.

"ಮೆಕ್ಕೆಜೋಳ ತೆನೆ ಕಟ್ಟೈತೆ. ಬೇಲಿ ಸತ್ತರೆ ಹಂದಿ ನುಗ್ತಾವೆ," ಎಂದ ತಿಪ್ಪೇಶಪ್ಪ ಅವಳ ಮುಖ ನೋಡಿ ನಿಟ್ಟುಸಿರಿಟ್ಟ. "ನಿಮ್ಮತ್ತೆ ನನ್ನ ಕೊಲ್ತಾಳೆ. ಇರು, ಆಫ್ ಮಾಡಿ ಬಂದೆ." ಕಡಿದಾದ ಕೊರಕಲಿನಲ್ಲೇ ಇಳಿದು ಮರೆಯಾದ.

ಅವಳೊಬ್ಬಳೇ ಉಳಿದಳು. ಟಕ್. ಟಕ್.

ಬೆನ್ನ ಹಿಂದೆ ಬುಸ್ಸೆಂದಿತು.

ಕರಡಿ!

ಅವಳು ಕದಲಲಿಲ್ಲ. ಅದು ಮೂಸುತ್ತ ಚೌಕಟ್ಟಿನ ಬಳಿ ಬಂತು. ಅದರ ಬಿಸಿಯುಸಿರು ಮೊಣಕಾಲಿಗೆ ತಾಗಿತು. ಮನಸ್ಸಿನಲ್ಲೇ ಬುದ್ಧನನ್ನು ನೆನೆದಳು.

ಥಟ್ಟನೆ ಬಡಿತ ನಿಂತಿತು.

ಗುಡ್ಡವೇ ಉಸಿರು ಹಿಡಿದಂತೆ. ಆಮೇಲೆ, ಯಾವ ಗಂಟಲಿನದೂ ಅಲ್ಲದ ಒಂದು ಸಣ್ಣ ಸಿಳ್ಳೆ ತೀರಾ ಮೇಲಿನಿಂದ ಜಾರಿ, ತಗ್ಗಿ, ಎಲ್ಲೋ ಕರಗಿಹೋಯಿತು. ಕರಡಿ ತಲೆ ಎತ್ತಿ ಬರಿಯ ಆಕಾಶವನ್ನು ನೋಡಿತು. ಹೆಡ್‌ಫೋನಿನ ಒಳಗಿನ ಸದ್ದು ಅದಕ್ಕೆ ಹೇಗೆ ತಿಳಿಯಬೇಕು! ಇನ್ನೊಂದು ಸಿಳ್ಳೆ ಇಳಿಯಿತು. ಕರಡಿ ನಿಧಾನವಾಗಿ ಪೊದೆಗೆ ಸರಿಯಿತು.

ರೆಕಾರ್ಡರಿನ ಕೆಂಪು ದೀಪ ಉರಿಯುತ್ತಲೇ ಇತ್ತು.

ಬಿಸಿಲೇರುವ ಹೊತ್ತಿಗೆ ಅವಳು ಹೊಲಕ್ಕಿಳಿದಳು. ಮುಳ್ಳು ಗೀರಿದ ಕಾಲು ಚಾಚಿ ತಿಪ್ಪೇಶಪ್ಪ ಬದುವಿನ ಮೇಲೆ ಕೂತಿದ್ದ. ಅತ್ತೆ ಸುಂಕಲಮ್ಮ ತಗಡಿನ ಡಬ್ಬ ಬಡಿದು ಬಡಿದು ಸೋತಿದ್ದಳು. ಹಂದಿ ನುಗ್ಗಿ ಮೂಲೆಯ ಪೈರು ಮಲಗಿತ್ತು.

"ಬಂದ್ಯಾ ಮಾರಾಯ್ತಿ? ನನ್ನ ಎರಡು ಸಾಲು ತಿಂದ ಸಿಳ್ಳೆ ಹೆಂಗೈತೆ, ಕೇಳ್ಸು."

ಹೆಡ್‌ಫೋನ್ ಕಿವಿಗಿಟ್ಟು ಅತ್ತೆ ಕೇಳಿದಳು. ಇನ್ನೊಮ್ಮೆ ಹಾಕಿಸಿಕೊಂಡು ಕಣ್ಣು ಮುಚ್ಚಿದಳು.

"ಎಲ್ಲಿಂದ ಬಂತು ಅಂದೆ?"

"ಸಮುದ್ರದಾಚೆಯಿಂದ ಅತ್ತೆ, ಆಕಾಶಾನೂ ದಾಟ್ಕೊಂಡು."

"ಪಾಪ, ದಣಿದೈತೆ. ಅದಕ್ಕೇ ದನಿ ಇಳಿದೈತೆ."

ಹೆಡ್‌ಫೋನನ್ನು ಜೋಪಾನವಾಗಿ ಹಿಂತಿರುಗಿಸಿ, ಬಿದ್ದ ದಂಟುಗಳನ್ನು ಎತ್ತಿ ನಿಲ್ಲಿಸತೊಡಗಿದಳು. ಸಂಘಮಿತ್ರಾ ಅಂಗಿಯ ತೋಳು ಮಡಿಚಿ ಪಕ್ಕದ ಸಾಲಿಗೆ ಇಳಿದಳು.